ಮೊದಲ ಸ್ಟಾಪೇ ಪೊಂಪೈ

"ನಮ್ಮ ಮಮ್ಮಿಯ ಹರಕೆಯನ್ನು ನೀವು ವೈನ್ ತೋಟಕ್ಕೆ ಕಳಿಸಿದ್ದೀರಿ."

ಇದನ್ನು ಆ ಮನುಷ್ಯ ಕೂಗಿ ಹೇಳಿದ್ದರೆ ಪರ್ಲ್‌ಗೆ ಏನೂ ಅನಿಸುತ್ತಿರಲಿಲ್ಲ. ಕುವೈತ್ ಸಿಟಿಯ ಆ ಟ್ರಾವೆಲ್ ಆಫೀಸಿನಲ್ಲಿ ಕೂಗುವವರನ್ನು ಕೂರಿಸಿ, ಚಾ ಕುಡಿಸಿ ಕಳಿಸುವುದು ಅವಳ ಕೆಲಸದ ಅರ್ಧ ಭಾಗವೇ ಆಗಿತ್ತು.

ಇವನು ಕೂಗಲಿಲ್ಲ. ಕೂರಲೂ ಇಲ್ಲ.

ಅವಳ ಮೇಜಿನ ಮೇಲೆ ಒಂದು ಉದ್ದನೆಯ ಮೇಣದ ಬತ್ತಿ ಇಟ್ಟ. ನೀಲಿ ರಿಬ್ಬನ್ ಕಟ್ಟಿದ್ದು. ಒಮ್ಮೆಯೂ ಹಚ್ಚದೆ ಇದ್ದದ್ದು. ಸೂಟ್‌ಕೇಸಿನಲ್ಲಿ ಒತ್ತಿ ನಡುವೆ ಮುರಿದು, ಒಳಗಿನ ನೂಲಿನಿಂದ ಮಾತ್ರ ಜೋತಾಡುತ್ತಿತ್ತು.

"ಗ್ಲೆನ್ ಮೊಂತೇರೊ. ಮೊಲ್ಲಿ ಮೊಂತೇರೊ ಅವರ ಮಗ. ಪೊಂಪೈ ಟೂರ್."

ಪರ್ಲ್‌ಗೆ ನೆನಪಾಯಿತು... ಕೈಚೀಲವನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಕೂತಿದ್ದ ಆಂಟಿ. ಚರ್ಚಿನ ತಂಡದೊಂದಿಗೆ ರೋಮಿಗೆ ಹೊರಟಿದ್ದವರು. ಅಲ್ಲಿ ಒಂದು ದಿನ ಬಿಡುವು ಇದೆ, ಉಳಿದವರು ಶಾಪಿಂಗಿಗೆ ಹೋಗುತ್ತಾರೆ, ತನಗೆ ಒಂದು ಟೂರ್ ಬೇಕು ಅಂದಿದ್ದರು. ಪರ್ಲ್ ತನ್ನ ಬಾಯಿಪಾಠ ಒಪ್ಪಿಸಿದ್ದಳು: ಬೆಳಿಗ್ಗೆ ಎರಡು ಸಾವಿರ ವರ್ಷ ಹಳೆಯ ಊರಿನ ಅವಶೇಷ, ಮಧ್ಯಾಹ್ನ ಜ್ವಾಲಾಮುಖಿ ಹತ್ತುವುದು, ಆಮೇಲೆ ದ್ರಾಕ್ಷಿ ತೋಟದಲ್ಲಿ ಊಟ, ಊಟದ ಜೊತೆ ಮೂರು ಬಗೆಯ ವೈನ್. ಆಂಟಿ ಕೊಂಕಣಿಯ ಅಕ್ಕರೆಯಲ್ಲಿ ಬಾಯೆ ಎಂದು ಕರೆದು, ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರು.

"ಬಾಯೆ, ಇದು ಪೊಂಪೈಗೆ ಹೋಗ್ತದಲ್ಲಾ?"

"ಹೌದು ಆಂಟಿ. ಮೊದಲ ಸ್ಟಾಪೇ ಪೊಂಪೈ."

ಯಾವ ಪೊಂಪೈ ಎಂಬುದು ಪರ್ಲ್‌ಗೆ ಈಗ ಹೊಳೆಯಿತು.

ಜಗತ್ತಿನ ಯಾರಿಗೆ ಪೊಂಪೈ ಅಂದರೂ ಬೂದಿಯಲ್ಲಿ ಮುಚ್ಚಿಹೋದ ಊರೇ ಕಣ್ಣಿಗೆ ಬರುತ್ತದೆ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಿಗೆ ಮಾತ್ರ ಅಲ್ಲಿಯ ಮಾತೆ. ಜಪಮಾಲೆ ಹಿಡಿದ ಮರಿಯಮ್ಮ, ಪೊಂಪೈ ಮಾತೆ. ಅವಳ ದೊಡ್ಡ ಚರ್ಚು, ಬಸಿಲಿಕ, ಆ ಅವಶೇಷಗಳಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇದೆ. ಟೂರ್ ಬಸ್ಸು ಮಾತ್ರ ಅತ್ತ ತಿರುಗುವುದಿಲ್ಲ, ಅದಕ್ಕೆ ಜ್ವಾಲಾಮುಖಿಯ ಅವಸರ. ಪರ್ಲ್‌ಗೆ ನಾಮಕರಣವಾದದ್ದೇ ಕಿನ್ನಿಗೋಳಿ ಕಡೆಯ ಪೊಂಪೈ ಮಾತೆಯ ಚಾಪೆಲಿನಲ್ಲಿ. ಆದರೆ ಎಂಟು ವರ್ಷ ಇಟಲಿ ಮಾರಿ ಮಾರಿ ಅವಳೂ ಜಗತ್ತಿನ ಕಡೆಗೇ ಸೇರಿಬಿಟ್ಟಿದ್ದಳು. ಇಟಲಿಯನ್ನು ಒಮ್ಮೆಯೂ ನೋಡದೆ.

ಗ್ಲೆನ್ ಉಳಿದದ್ದನ್ನು ಇಂಗ್ಲಿಷಿನಲ್ಲಿ, ಸೇಫ್ಟಿ ಆಫೀಸರ್ ಅಪಘಾತದ ವರದಿ ಓದುವ ಹಾಗೆ ಹೇಳಿದ. ಅವನ ಉದ್ಯೋಗವೂ ಅದೇ. ಹರಕೆ ತೀರಿಸುವ ದಿನವೆಂದು ಮಮ್ಮಿ ಬೆಳಿಗ್ಗೆಯಿಂದ ಉಪವಾಸ ಇದ್ದರು. ಕ್ಯಾಂಡಲ್ ಹಿಡಿದುಕೊಂಡೇ ಕಲ್ಲುಬೀದಿಗಳಲ್ಲಿ ನಡೆದರು. ಈಗ ಬರುತ್ತದೆ ಇಗರ್ಜಿ, ಈಗ ಬರುತ್ತದೆ ಮಾತೆಯ ಚರ್ಚು ಎಂದು. ಬಸ್ಸಿನ ಕಿಟಕಿಯಿಂದ ಗಂಟೆಗೋಪುರ ಕಂಡಿತು, ಹಿಂದೆ ಸರಿಯಿತು. ಗುರುತಿಲ್ಲದ ಜನರ ನಡುವೆ ಬಸ್ಸು ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಹಸಿದ ಹೊಟ್ಟೆಯಲ್ಲೇ ಜ್ವಾಲಾಮುಖಿ ಹತ್ತಿದರು. ದ್ರಾಕ್ಷಿ ತೋಟದಲ್ಲಿ ವೈನ್ ಸುರಿಯಲು ಬಂದವರ ಮುಂದೆ ಗ್ಲಾಸಿನ ಮೇಲೆ ಅಂಗೈ ಮುಚ್ಚಿ ಕೂತರು. ಮನೆಗೆ ಬಂದು, "ಚಂದ ಇತ್ತು," ಅಂದರು. ಸೂಟ್‌ಕೇಸ್ ಮೇಲಿಡುವಾಗ ಅವನ ಕೈಗೆ ಸಿಕ್ಕಿದ್ದು ಇದು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಆಫೀಸಿನ ಯಜಮಾನ ಸಿರಾಜ್ ಭಾಯಿ ಬಂದ. ಉಪ್ಪಿನಂಗಡಿಯ ಬ್ಯಾರಿ, ಊರಿನ ಕ್ರೈಸ್ತರೆಲ್ಲ ಅವನಿಗೆ ಪೊರ್ಬುಗಳು, ಯಾವ ದುಃಖಕ್ಕೂ ಅವನ ಬಳಿ ಒಂದು ಪ್ಯಾಕೇಜ್ ಇರುತ್ತಿತ್ತು.

"ಪೊರ್ಬುಗಳೇ, ಕೂತ್ಕೊಳ್ಳಿ ಮಾರಾಯ್ರೆ. ತಾಯಿಯವರನ್ನು ಬಾಕುವಿಗೆ ಕಳಿಸುವ. ಅಲ್ಲಿ ಗುಡ್ಡದಿಂದಲೇ ಬೆಂಕಿ ಬರ್ತದೆ. ಕ್ಯಾಂಡಲೇ ಬೇಡ."

ಗ್ಲೆನ್ ಅವನತ್ತ ನೋಡಿದ ನೋಟಕ್ಕೆ ಸಿರಾಜ್ ಭಾಯಿ ಚಾ ಹೇಳುವ ನೆಪದಲ್ಲಿ ಮತ್ತೆ ಒಳಗೆ ಹೋದ.

ಸಮಾಧಾನ ಹೇಳಬೇಕು... ಏನಾದರೂ ಹೇಳಬೇಕು... ಪರ್ಲ್‌ಳ ಕಣ್ಣು ಅವನ ಬೆರಳಿಗೆ ಹೋಯಿತು. ಉಂಗುರವಿಲ್ಲ. ವಯಸ್ಸು ಮೂವತ್ತೈದು ದಾಟಿದೆ. ಇಂಥ ಮಗನಿರುವ ಕೊಂಕಣಿ ತಾಯಿ ಕ್ಯಾಂಡಲ್ ಹಿಡಿದು ಇಟಲಿಯವರೆಗೆ ಹೋಗುವುದು ಯಾವುದಕ್ಕೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಯವಿಟ್ಟು ಬೇಸರ ಮಾಡ್ಬೇಡಿ," ಅಂದಳು. "ನಿಮ್ಮ ಮದುವೆಗೆ ನಾನೇ ಇಲ್ಲಿಯ ಇಗರ್ಜಿಯಲ್ಲಿ ಒಂದು ಕ್ಯಾಂಡಲ್ ಹಚ್ತೇನೆ."



ಗ್ಲೆನ್‌ನ ಕಿವಿ ಕೆಂಪಾಯಿತು. ಇಷ್ಟು ಹೊತ್ತು ಇಂಗ್ಲಿಷಿನಲ್ಲಿದ್ದವನು ಕೊಂಕಣಿಗೆ ಇಳಿದ. ಕುವೈತಿನ ನಮ್ಮವರು ವ್ಯವಹಾರವನ್ನು ಯಾವ ಭಾಷೆಯಲ್ಲೂ ಮಾಡಿಯಾರು. ನಿಜವಾಗಿ ನೊಂದುಕೊಳ್ಳಲು ಮಾತ್ರ ಮನೆಯ ಮಾತೇ ಬೇಕು.

"ಹರಕೆ ನನ್ನ ಮದುವೆಗೆ ಅಂತ ನಿಮಗೆ ಯಾರು ಹೇಳಿದ್ದು?"

ಉತ್ತರಕ್ಕೆ ಕಾಯಲಿಲ್ಲ. ಹೋಗಿಯೇ ಬಿಟ್ಟ. ಮೇಣದ ಬತ್ತಿ ಮೇಜಿನ ಮೇಲೆಯೇ ಉಳಿಯಿತು.

* * *

ಬ್ನೇದ್ ಅಲ್ ಗಾರ್‌ನ ಫ್ಲ್ಯಾಟಿನಲ್ಲಿ ಪರ್ಲ್ ಜೊತೆ ಇದ್ದದ್ದು ತೆರೆಸಾ ಆಂಟಿ, ಆಸ್ಪತ್ರೆಯಲ್ಲಿ ನರ್ಸ್. ಆ ಸಂಜೆ ಊಟದ ಚೂರಿಯನ್ನು ಗ್ಯಾಸಿನ ಮೇಲೆ ಕಾಯಿಸಿ, ಮೇಣದ ಬತ್ತಿಯ ಮುರಿದ ತುದಿಗಳನ್ನು ಕರಗಿಸಿ, ಮೂಳೆ ಕೂರಿಸುವ ಗಾಂಭೀರ್ಯದಲ್ಲಿ ಅದನ್ನು ಜೋಡಿಸಿಕೊಟ್ಟರು. ಜೋಡಿಸಿದಲ್ಲಿ ಒಂದು ಗಂಟು ಉಳಿಯಿತು. ನಿನಗೆ ಬಾಯಿ ಕೊಟ್ಟಾಗ ದೇವರು ಬ್ರೇಕ್ ಕೊಡಲು ಮರೆತ ಎಂದೂ ಸೇರಿಸಿದರು.

ಪರ್ಲ್ ಆ ಗಂಟಿನ ಮೇಲೆ ಬೆರಳಾಡಿಸಿದಳು. ಗ್ಲಾಸಿನ ಮೇಲೆ ಮುಚ್ಚಿದ ಆ ಅಂಗೈ ಅವಳ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಯಾಕೆ ಹೋಗಬೇಕು ಆಂಟಿ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ...

ವಾರದ ರಜೆಯ ದಿನವಾದ ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ, ಟೂರ್ ಫಾರ್ಮಿನಲ್ಲಿದ್ದ ವಿಳಾಸ ಹಿಡಿದು ಅವಳು ನೇರ ಫಿಂಟಾಸ್ ಬಸ್ಸು ಹತ್ತಿದಳು. ಮಡಿಲಲ್ಲಿ ಟವೆಲಿನಲ್ಲಿ ಸುತ್ತಿದ ಮೇಣದ ಬತ್ತಿ.

ಬಾಗಿಲು ತೆರೆದ ಮೊಲ್ಲಿ ಆಂಟಿ ಅವಳನ್ನು ನೋಡಿ, ಟವೆಲನ್ನು ನೋಡಿ, ಊಟ ಆಯಿತಾ ಎಂದು ಕೇಳಿದರು. ಸೋಫಾದಲ್ಲಿದ್ದ ಗ್ಲೆನ್ ಎದ್ದು ನಿಂತ. ಸ್ವಾಗತಕ್ಕೋ, ಹೊರಗೆ ಹಾಕಲಿಕ್ಕೋ ಅವನಿಗೇ ಗೊತ್ತಿದ್ದಂತಿರಲಿಲ್ಲ. ಟಿವಿ ಮುಂದಿದ್ದ ಆಂಟಿಯ ಗಂಡ ಆಂಥೋನಿ ಅಂಕಲ್ ಮಾತ್ರ, "ಜ್ವಾಲಾಮುಖಿಯವಳಾ? ಬಾ, ಕೂತ್ಕೊ," ಅಂದರು.

ಸನ್ನಾ ಮತ್ತು ಕೋಳಿ ಸಾರಿನ ಎದುರು ಕೂತು, ಬರುವಾಗ ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಕ್ಷಮಾಪಣೆಯನ್ನು ಪರ್ಲ್ ಅರ್ಧಕ್ಕೇ ಮರೆತಳು. ಮೊಲ್ಲಿ ಆಂಟಿ ಅದಕ್ಕೆ ಕಾಯಲೂ ಇಲ್ಲ. ಹರಕೆಯ ಕತೆಯನ್ನು ತಾವೇ ಹೇಳಿದರು.

ತೊಂಬತ್ತರ ಆಗಸ್ಟ್. ಇದೇ ಫಿಂಟಾಸ್, ಇನ್ನೊಂದು ಕಟ್ಟಡ. ಆಂಥೋನಿ ಸಿಟಿಯಲ್ಲಿ ರಾತ್ರಿ ಪಾಳಿಗೆ ಹೋಗಿದ್ದರು. ಬೆಳಗಾದರೆ ಇರಾಕಿನ ಸೈನ್ಯ ಬೀದಿಯಲ್ಲಿ. ಗಂಡ ಬರಲಿಲ್ಲ. ದಿನಗಟ್ಟಲೆ ಬರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯವರು, ಬಸ್ಸು ಹೊರಡುತ್ತಿದೆ, ಈಗಲೇ ಅಂದರು. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನ ಕುದಿಯುತ್ತಿತ್ತು. ಎದೆಹಾಲು ಕುಡಿಯುವ ಗ್ಲೆನ್‌ನನ್ನು ಅವುಚಿಕೊಂಡು ಇಳಿದರು. ಮರುಭೂಮಿ ದಾಟಿ ಜೋರ್ಡಾನಿನ ಡೇರೆಗಳಲ್ಲಿ ಕಾಯುವಾಗ, ಈ ಮನುಷ್ಯ ಜೀವಂತ ಬಂದರೆ ಪೊಂಪೈಗೇ ಬಂದು ಕ್ಯಾಂಡಲ್ ಹಚ್ಚುತ್ತೇನೆ ಎಂದು ಮಾತೆಗೆ ಮಾತು ಕೊಟ್ಟರು. ಆಮೇಲಿನ ಒಂದು ಬಸ್ಸಿನಿಂದ ಆಂಥೋನಿ ಇಳಿದರು. ಆ ಮಾತಿಗೆ ಈಗ ಮೂವತ್ತೈದು ವರ್ಷ.

"ಅಲ್ಲಿ ಗೈಡ್ ಹುಡುಗಿ ಒಂದು ಒಲೆ ತೋರಿಸಿದಳು ಬಾಯೆ," ಅಂದರು ಮೊಲ್ಲಿ ಆಂಟಿ. "ಬೂದಿ ಬೀಳುವಾಗ ಒಳಗೆ ರೊಟ್ಟಿ ಇತ್ತಂತೆ. ಹಾಗೇ ಬಿಟ್ಟು ಓಡಿದ್ರಂತೆ. ನನ್ನ ಕಾಲು ಅಲ್ಲೇ ನಿಂತುಹೋಯ್ತು. ನಾನು ಅನ್ನದ ಕೆಳಗಿನ ಬೆಂಕಿ ಆರಿಸಿದ್ದೆನಾ ಇಲ್ಲವಾ... ಇವತ್ತಿಗೂ ನೆನಪಿಲ್ಲ."

"ಮರುವರ್ಷ ಬಂದು ನೋಡಿದವನು ನಾನು," ಅಂದರು ಅಂಕಲ್, ಟಿವಿಯಿಂದ ಕಣ್ಣು ತೆಗೆಯದೆ. "ಅನ್ನವೂ ಇಲ್ಲ, ಪಾತ್ರೆಯೂ ಇಲ್ಲ, ಒಲೆಯೂ ಇಲ್ಲ. ಬೆಂಕಿ ಆರಿಸಿದ್ದಳಾ ಅಂತ ಯಾರನ್ನು ಕೇಳ್ಲಿ?"

ಪರ್ಲ್ ನಗಲು ಹೋಗಿ ಅತ್ತಳು. ತಲೆ ಬಗ್ಗಿಸಿ ತಿನ್ನುತ್ತಲೇ ಅತ್ತಳು. ಅದನ್ನು ನೋಡಿದವನು ಗ್ಲೆನ್ ಒಬ್ಬನೇ. ನೀರಿನ ಜಗ್ಗನ್ನು ಅವಳ ಕಡೆಗೆ ಸರಿಸಿದ.

ವಾಪಸ್ಸು ಬಿಟ್ಟು ಬಾ ಎಂದು ಮಮ್ಮಿಯ ಆಜ್ಞೆಯಾಯಿತು. ಗ್ಲೆನ್ ಕಾರು ತೆಗೆದ. ಸಮುದ್ರ ಒಂದು ಕಡೆ ಜೊತೆಗೇ ಬರುತ್ತಿತ್ತು.

"ಇದನ್ನು ನಾನೇ ಸರಿ ಮಾಡ್ತೇನೆ," ಅಂದಳು ಪರ್ಲ್. "ಮೊದಲು ಬಸಿಲಿಕ. ಬೇರೆಲ್ಲ ಆಮೇಲೆ. ಈ ಸಲ ಅಂಕಲ್ ಕೂಡ ಹೋಗ್ಬೇಕು."

"ಮಾಡಿ," ಅಂದ ಗ್ಲೆನ್. ಆ ಒಂದು ಮಾತಿನಲ್ಲಿ ಸಿಟ್ಟು ಮೊದಲಿನಷ್ಟು ಇರಲಿಲ್ಲ. ಪರ್ಲ್ ಅದನ್ನು ಮನೆ ತಲುಪುವವರೆಗೂ ತಿರುಗಿಸಿ ತಿರುಗಿಸಿ ನೋಡಿದಳು.

* * *

ಕುವೈತಿನ ಬೇಸಗೆಯಲ್ಲಿ ಪ್ರೀತಿ ಮಾಡುವವರು ಏಸಿ ಇರುವ ಕಡೆಯೇ ಮಾಡಬೇಕು. ಈ ದೃಷ್ಟಿಯಿಂದ ಟ್ರಾವೆಲ್ ಆಫೀಸು ಕೆಟ್ಟ ಜಾಗವಲ್ಲ.

ಗ್ಲೆನ್ ಮೊದಲು ಬಂದದ್ದು ಪಾಸ್‌ಪೋರ್ಟುಗಳೊಂದಿಗೆ. ಆಮೇಲೆ ಡ್ಯಾಡಿಯ ರಜೆಯ ಸುದ್ದಿಯೊಂದಿಗೆ. ಹಿಂದಿನ ಸಲ ರಜೆ ಕೊಡದಿದ್ದ ಅರಬ್ ಯಜಮಾನ, ಅವರ ಕಫೀಲ್, ಇದು ಹರಕೆ ಎಂದು ಗೊತ್ತಾದ ಕೂಡಲೇ ಆಂಥೋನಿಯವರನ್ನು ಬೈದನಂತೆ. ಮೊದಲೇ ಯಾಕೆ ಹೇಳಲಿಲ್ಲ, ದೇವರಿಗೆ ಕೊಟ್ಟ ಮಾತನ್ನು ತಡೆದ ಪಾಪ ನನ್ನ ತಲೆಗಾ, ಯಲ್ಲಾ, ಹೋಗು ಎಂದು. ಇದನ್ನು ಹೇಳುವಾಗ ಗ್ಲೆನ್ ನಕ್ಕ. ಅವನ ಎಡಗೆನ್ನೆಯಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ ಎಂಬುದು ಪರ್ಲ್‌ಗೆ ತಿಳಿದದ್ದು ಆಗ. ತಿಳಿಯದಿದ್ದರೆ ಚೆನ್ನಾಗಿತ್ತು.

ಮೂರನೆಯ ಸಲ ಬಂದದ್ದು ಮಮ್ಮಿಯ ಫೋಟೋ ಕೊಡಲು. ವೀಸಾದವರು ಅದನ್ನು ವಾಪಸ್ಸು ಕಳಿಸಿದರು: ಆಂಟಿ ನಕ್ಕಿದ್ದರು, ನಗುವಂತಿಲ್ಲ. ಇನ್ನೊಂದು ಫೋಟೋ ತಂದ. ಅದೂ ವಾಪಸ್ಸು: ಕನ್ನಡಕದ ಗಾಜಿನ ಮೇಲೆ ಬೆಳಕು ಬಿದ್ದು ಕಣ್ಣೇ ಕಾಣುತ್ತಿರಲಿಲ್ಲ. ಮತ್ತೊಂದು ತಂದ. ಪ್ರತಿಸಲವೂ ಸಿರಾಜ್ ಭಾಯಿಯ ಚಾ. ಪ್ರತಿಸಲವೂ ಅದು ಆರಿ ತಣ್ಣಗಾಗುವಷ್ಟು ಮಾತು.

ಫಿಂಟಾಸಿನಿಂದ ಸಿಟಿಗೆ ಒಂದು ಫೋಟೋಕ್ಕಾಗಿ ಮೂರು ಸಲ ಬರುವ ಗಂಡಸಿಗೆ ತಲೆ ಇಲ್ಲ, ಇಲ್ಲವೇ ತಲೆ ಕೆಟ್ಟಿದೆ ಎಂದರು ತೆರೆಸಾ ಆಂಟಿ.

ಅವನು ಬರುವುದು ತಾಯಿಗಾಗಿ ಎಂದಳು ಪರ್ಲ್. 

ಲೆಕ್ಕ ಸ್ಪಷ್ಟವಾಗಿತ್ತು. ಆ ಮೇಣದ ಬತ್ತಿ ಉರಿದ ದಿನ ಹರಕೆ ತೀರುತ್ತದೆ. ಅವಳ ತಪ್ಪು ತೀರುತ್ತದೆ. ಗ್ಲೆನ್ ಬರುವುದೂ ತೀರುತ್ತದೆ.

ಆಗಸ್ಟಿನಲ್ಲಿ ವೀಸಾ ಅಪಾಯಿಂಟ್‌ಮೆಂಟ್ ಒಂದು ತಿಂಗಳು ಮುಂದೆ ಹೋಯಿತು. ಸುದ್ದಿ ಓದಿದ ಆ ಕ್ಷಣ ಪರ್ಲ್‌ಗೆ ಆದದ್ದು ಸಂತೋಷ. ಮರುಕ್ಷಣವೇ ಆ ಅಂಗೈ, ಆ ವೈನ್ ಗ್ಲಾಸು ನೆನಪಾಗಿ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಮೂವತ್ತೈದು ವರ್ಷ ಕಾದವರನ್ನು ಇನ್ನೂ ಕಾಯಿಸಿ ನಾನು ಖುಷಿಪಡುತ್ತಿದ್ದೇನಾ... ಮಾತೆಯೇ, ನಾನು ಎಂಥವಳು... ಅವತ್ತಿನಿಂದ ಇನ್ನಷ್ಟು ಹಟಕ್ಕೆ ಬಿದ್ದು ಕೆಲಸ ಮಾಡಿದಳು. ಬೇಡದ ದಿನವನ್ನು ತಾನೇ ಕೈಯಾರೆ ಹತ್ತಿರಕ್ಕೆ ಎಳೆದುಕೊಂಡಳು.

ವೀಸಾ ಬಂತು. ಪಾಸ್‌ಪೋರ್ಟು ಒಯ್ಯಲು ಬಂದ ಗ್ಲೆನ್ ಅವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ.

"ಹಾಗಾದ್ರೆ ನಿಮ್ಮ ತಲೆಯ ಮೇಲಿನ ಭಾರ ಇಳೀತು," ಅಂದ. "ಇನ್ನು ನಿಮಗೆ ನಮ್ಮ ಕಾಟ ಇಲ್ಲ."

ಇನ್ನು ಬರುವುದಿಲ್ಲ ಎಂದು ಹೇಳುತ್ತಿದ್ದಾನೆ. ಪರ್ಲ್ ಬಾಯಿ ತೆರೆದಳು. ಎಂಟು ವರ್ಷದ ಅಭ್ಯಾಸವೇ ಅವಳ ಪರವಾಗಿ ಮಾತಾಡಿತು.

"ನಮ್ಮ ಸಂಸ್ಥೆಯನ್ನು ಆರಿಸಿದ್ದಕ್ಕೆ ಧನ್ಯವಾದಗಳು."

ಗ್ಲೆನ್‌ನ ಮುಖದಿಂದ ಬೆಳಕು ಹೋಯಿತು. ತಲೆಯಾಡಿಸಿ ಹೊರಟ. ಅವನ ಚಾ ಮೇಜಿನ ಮೇಲೆ ಹಾಗೆಯೇ ಇತ್ತು. ಅದು ಇನ್ನೂ ಬಿಸಿಯಾಗಿತ್ತು.

* * *

ಅಕ್ಟೋಬರಿನ ಒಂದು ಶನಿವಾರ, ಮೊಲ್ಲಿ ಮತ್ತು ಆಂಥೋನಿ ರೋಮಿನಿಂದ ಪೊಂಪೈಗೆ ಹೊರಟರು. ಪರ್ಲ್ ಗೊತ್ತು ಮಾಡಿದ ಕಾರು. ಅವಳು ಗೊತ್ತು ಮಾಡಿದ ಗೈಡ್. ಅವಳು ಗೊತ್ತು ಮಾಡಿದ ಕ್ರಮ.

ಅವರು ಹೊರಡುವ ಮೊದಲು ಪರ್ಲ್‌ಗೆ ಮೊಲ್ಲಿ ಆಂಟಿಯ ಫೋನ್ ಬಂದಿತ್ತು. ವಿಡಿಯೋ ತೋರಿಸುತ್ತೇನೆ, ಆದರೆ ಎರಡು ಫೋನಿಗೆ ಎರಡೆರಡು ಸಲ ತೋರಿಸಲು ನನಗೆ ಬರುವುದಿಲ್ಲ, ಗ್ಲೆನ್‌ಗೆ ನಿನ್ನ ಆಫೀಸಿಗೇ ಬರಲು ಹೇಳಿದ್ದೇನೆ.

ಅವನು ಬಂದ. ಒಂದು ಕಾಗದದ ಚೀಲವನ್ನು ಕಾಲ ಬಳಿ ಇಟ್ಟು, ಗಿರಾಕಿಗಳ ಕುರ್ಚಿಯಲ್ಲಿ ಗಿರಾಕಿಯ ಹಾಗೆಯೇ ಕೂತ. ಫೋನನ್ನು ಸ್ಟೇಪ್ಲರಿಗೆ ಒರಗಿಸಿದರು. ಚಿಕ್ಕ ಪರದೆ, ಹತ್ತಿರ ಬಾಗದೆ ಕಾಣುವಂತಿರಲಿಲ್ಲ.

ಮೊದಲು ಕಂಡದ್ದು ಗಂಟೆಗೋಪುರ. ಆಮೇಲೆ ಕತ್ತಲೆಯಂಥ ತಂಪಾದ ಒಳಾಂಗಣ, ಚಿನ್ನದ ಬಣ್ಣ, ಜನರ ಪಿಸುಮಾತು. ಫೋನು ಆಂಥೋನಿ ಅಂಕಲ್ ಕೈಗೆ ಹೋಗಿ ಓರೆಯಾಯಿತು. ಓರೆಯಾದ ಪರದೆಯಲ್ಲೇ ಮೊಲ್ಲಿ ಆಂಟಿ ಆ ಮೇಣದ ಬತ್ತಿ ಹಚ್ಚಿದರು. ನಡುವಿನ ಗಂಟು ಇಲ್ಲಿಯವರೆಗೂ ಕಾಣಿಸಿತು. ಮೂವತ್ತೈದು ವರ್ಷದ ಮಾತು ಮುಗಿಯುವಾಗ ಅವರ ತುಟಿ ಅಲುಗಿತು, ಅಷ್ಟೇ.

ಪರ್ಲ್ ಕಣ್ಣು ಒರೆಸಿಕೊಂಡಳು. ಪಕ್ಕದಲ್ಲಿ ಗ್ಲೆನ್ ಮೂಗು ಎಳೆದುಕೊಂಡ. ಒಳಗಿನಿಂದ ಸಿರಾಜ್ ಭಾಯಿ ಎರಡು ಟಿಶ್ಯೂ ಪೆಟ್ಟಿಗೆ ತಂದಿಟ್ಟ. ಒಂದು ಸಾಕಾಗಲಿಕ್ಕಿಲ್ಲ ಎಂದ.

ಆಮೇಲೆ ಬಿಟ್ಟುಬಿಟ್ಟು ಬಂದ ಕರೆಗಳಲ್ಲಿ ಕಲ್ಲುಬೀದಿಗಳು, ಛಾವಣಿಯಿಲ್ಲದ ಮನೆಗಳು, ಆ ಒಲೆ. ಮೊಲ್ಲಿ ಆಂಟಿ ಅದರ ಎದುರು ಬಹಳ ಹೊತ್ತು ನಿಂತರು. ಗಂಡನ ತೋಳು ಹಿಡಿದು ಮೆಲ್ಲಗೆ ಹೇಳಿದ್ದು ಫೋನಿಗೂ ಕೇಳಿಸಿತು.

"ನಾನು ಆರಿಸಿದ್ದೆ. ಈಗ ನೆನಪಾಯ್ತು. ಮಗುವನ್ನು ಈ ಕೈಗೆ ಬದಲಾಯಿಸಿ, ಆ ಕೈಯಲ್ಲಿ ಆರಿಸಿದ್ದೆ."

"ಗೊತ್ತು," ಅಂದರು ಅಂಕಲ್. "ನೀನು ಆರಿಸದೆ ಇರ್ತೀಯಾ?"

ಜ್ವಾಲಾಮುಖಿಯ ಬಾಯಿಯ ಬಳಿ ನಿಂತು ಅಂಕಲ್ ಒಳಗೆ ಬಗ್ಗಿ ನೋಡಿದರು. ಇಷ್ಟೇನಾ ಎಂದು ಗೈಡ್ ಹುಡುಗಿಯನ್ನು ಕೇಳಿದರಂತೆ. ತೊಂಬತ್ತೊಂದರಲ್ಲಿ ಎಣ್ಣೆಬಾವಿಗಳು ಉರಿಯುವಾಗ ನಮ್ಮ ಅಹ್ಮದಿಯಲ್ಲಿ ಹಗಲಿಗೇ ಕಾರಿನ ಲೈಟು ಹಾಕುತ್ತಿದ್ದೆವು ಎಂದು ಅವಳಿಗೇ ಪಾಠ ಹೇಳಿದರಂತೆ.

ಕೊನೆಗೆ ದ್ರಾಕ್ಷಿ ತೋಟ. ಆಂಟಿಯ ಮುಂದೆ ಗ್ಲಾಸು ಬಂತು. ಈ ಸಲ ಅವರು ಕೈ ಮುಚ್ಚಲಿಲ್ಲ.

ಗ್ಲೆನ್ ಕಾಗದದ ಚೀಲದಿಂದ ವಿಮ್ಟೊ ಬಾಟಲಿ ತೆಗೆದ. ಸಿರಾಜ್ ಭಾಯಿಯ ಚಾ ಗ್ಲಾಸುಗಳಿಗೆ ಸುರಿದು ನೀರು ಬೆರೆಸಿದ. ಮದ್ಯ ನಿಷೇಧವಿರುವ ಈ ದೇಶದಲ್ಲಿ ಕಾನೂನಿಗೆ ಹೆದರುವವರ ಮದುವೆಯ ಟೋಸ್ಟುಗಳೆಲ್ಲ ಎದ್ದದ್ದು ಇಂಥ ಕೆಂಪು ಶರಬತ್ತಿನಲ್ಲೇ. ಎರಡು ದೇಶಗಳಲ್ಲಿ ನಾಲ್ಕು ಗ್ಲಾಸು ಮೇಲೆದ್ದವು. ಆಂಟಿ ಒಂದು ಗುಟುಕು ಕುಡಿದು ಮುಖ ಹಿಂಡಿ, ಕ್ರಿಸ್ಮಸಿಗೆ ತನ್ನ ಅಮ್ಮ ಮಾಡುತ್ತಿದ್ದದ್ದೇ ಇದಕ್ಕಿಂತ ರುಚಿ ಅಂದರು. ಪರದೆ ಆರಿತು.

ಸಿರಾಜ್ ಭಾಯಿ ನಮಾಜಿಗೆ ಹೊರಟ. "ಬಾಗಿಲು ಹಾಕಿಯೇ ಇರಲಿ," ಅಂದ, ಯಾರನ್ನೂ ನೋಡದೆ. "ಏಸಿ ಹೋಗ್ತದೆ."

ಇಬ್ಬರೇ ಉಳಿದರು.

"ಖಲಾಸ್," ಅಂದಳು ಪರ್ಲ್. ನಗಲು ನೋಡಿದಳು. ಆಗಲಿಲ್ಲ.

"ಇಲ್ಲ. ಒಂದು ಬಾಕಿ ಉಂಟು."

"ಎಂತ?"

"ಮೊದಲ ದಿನ ನನ್ನ ಮದುವೆಗೆ ಕ್ಯಾಂಡಲ್ ಹಚ್ತೇನೆ ಅಂದಿದ್ರಿ. ಹಚ್ಚಿದ್ರಾ?"

ಪರ್ಲ್ ಗ್ಲಾಸಿನ ತಳದ ಕೆಂಪನ್ನು ನೋಡಿದಳು. ಪ್ರತಿ ಶುಕ್ರವಾರ ಕೈಯಲ್ಲಿ ಕ್ಯಾಂಡಲ್ ಹಿಡಿದು ನಿಂತದ್ದು, ಹಚ್ಚದೆ ಮತ್ತೆ ಚೀಲಕ್ಕೆ ಹಾಕಿಕೊಂಡು ಬಂದದ್ದು ನೆನಪಾಯಿತು.

"ಇಲ್ಲ," ಅಂದಳು. "ಹಚ್ಚಲಿಕ್ಕೆ ಮನಸ್ಸು ಬರಲಿಲ್ಲ."

ಗ್ಲಾಸನ್ನು ಮೇಜಿನ ಮೇಲೆ ಇಟ್ಟಳು.

"ಅಪಾಯಿಂಟ್‌ಮೆಂಟ್ ಮುಂದೆ ಹೋದಾಗ ನನಗೆ ಖುಷಿ ಆಯ್ತು, ಗ್ಲೆನ್. ನಿಮ್ಮ ಮಮ್ಮಿಯ ಹರಕೆ ಅಂತ ಗೊತ್ತಿದ್ದೂ ಖುಷಿ ಆಯ್ತು. ನೀವು ಇನ್ನೂ ಒಂದು ತಿಂಗಳು ಬರ್ತೀರಿ ಅಂತ."

 ಅವನ ಕಿವಿ ಮೊದಲ ದಿನದ ಹಾಗೆಯೇ ಕೆಂಪಾಯಿತು.

"ಮಮ್ಮಿಯ ಎರಡನೆಯ ಫೋಟೋ," ಅಂದ ಕೊನೆಗೆ. "ಕನ್ನಡಕ ತೆಗೀತೇನೆ ಅಂದ್ರು. ಇರಲಿ ಮಮ್ಮಿ, ಹಾಗೇ ಚಂದ ಅಂದವನು ನಾನು."

ಪರ್ಲ್ ತಲೆ ಎತ್ತಿದಳು. ರೂಲ್ಸ್ ಬುಕ್ಕನ್ನು ದಿಂಬಿನಡಿ ಇಟ್ಟು ಮಲಗುವ ಸೇಫ್ಟಿ ಆಫೀಸರ್... ಹೆತ್ತ ತಾಯಿಯ ಹರಕೆಗೇ ಅಡ್ಡಗಾಲು ಹಾಕಿ... ಒಂದು ಚಾಕ್ಕಾಗಿ!

"ನೀವು ನರಕಕ್ಕೇ ಹೋಗೋದು," ಅಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಒಬ್ಬನೇ ಹೋಗಲಿಕ್ಕೆ ಬೇಜಾರು." ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ಪರ್ಲ್, ಆ ಕ್ಯಾಂಡಲ್ ಬರುವ ಶುಕ್ರವಾರ ಇಬ್ಬರೂ ಸೇರಿ ಹಚ್ಚುವನಾ?"

"ಯಾವುದಕ್ಕೆ ಅಂತ ಮೊದಲು ಸರಿಯಾಗಿ ಹೇಳಿ. ಕೇಳದೆ ಟಿಕೆಟ್ ಕೊಟ್ಟು ಒಮ್ಮೆ ಕೆಟ್ಟವಳು ನಾನು."

ಗ್ಲೆನ್ ಹೇಳಿದ. ಕೊಂಕಣಿಯಲ್ಲಿ, ಮೆಲ್ಲಗೆ, ನಾಲ್ಕೇ ಮಾತಿನಲ್ಲಿ ಹೇಳಿದ. ಆಮೇಲೆ ಮೇಜಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಅಂಗೈ ಇಟ್ಟ.

ಅವಳು ಆ ಅಂಗೈಯನ್ನೇ ನೋಡುತ್ತಾ ಕೂತಳು. ಅವನು ಗಾಬರಿಯಾದ. ಗಾಬರಿಯಲ್ಲಿ ತಾಯಿಯ ದನಿಯೇ ಬಂತು.

"ಬಾಯೆ... ಇದು ಫಿಂಟಾಸ್‌ಗೆ ಹೋಗ್ತದಲ್ಲಾ?"

"ಹೋಗ್ತದೆ," ಅಂದಳು ಪರ್ಲ್, ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸುತ್ತಾ. "ಮೊದಲ ಸ್ಟಾಪ್ ಇಗರ್ಜಿ. ಆಮೇಲೆ ಫಿಂಟಾಸ್."